ಕಮೋಡಿನ ದಿಕ್ಕು

ಸನವ್ಬರ್ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಚಹಾ ಬಗ್ಗಿಸಿಕೊಂಡಳು, ಕುಡಿಯಲು ಮರೆತಳು. ಗಂಡನ ಕಾರು ಬರುವ ಹೊತ್ತಲ್ಲ ಎಂದು ಗೊತ್ತಿದ್ದೂ ಬಾಲ್ಕನಿಗೆ ಹೋಗಿ ಕೆಳಗೆ ನೋಡಿದಳು. ಸೊಂಟದ ಮೂಳೆ ಮುರಿದು, ಕಬ್ಬಿಣ ಹಾಕಿಸಿಕೊಂಡು ಮಲಗಿದ್ದ ಅತ್ತೆ ಓಯ್‌ನಿಸಾ ಇಂದು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಅಷ್ಟರೊಳಗೆ ಕಕ್ಕಸು ಸಿದ್ಧವಾಗಿರಬೇಕು.

ಖುಜಂದ್ ಊರಿನ ಈ ನಾಲ್ಕು ಮಹಡಿಯ ಕಟ್ಟಡಕ್ಕೆ ಅವಳು ಸೊಸೆಯಾಗಿ ಬಂದಾಗಲೇ ಮನೆಯ ನಲ್ಲಿ, ತೊಟ್ಟಿ, ಕಮೋಡು ಎಲ್ಲಕ್ಕೂ ಮುಪ್ಪು ಬಂದಿತ್ತು. ಕೈ ತೊಳೆಯುವ ಬೋಗುಣಿಗೂ ಸ್ನಾನದ ತೊಟ್ಟಿಗೂ ಸೇರಿ ಒಂದೇ ನಲ್ಲಿ, ಕೊಕ್ಕರೆಯ ಹಾಗೆ ಉದ್ದ ಕತ್ತಿನದು. ಬೇಕಾದ ಕಡೆಗೆ ತಿರುಗಿಸಿಕೊಳ್ಳಬೇಕು. ಫ್ಲಷ್ ಟ್ಯಾಂಕಿನ ಸರಪಳಿ ಹರಿದ ಮೇಲೆ ಅದರ ಜಾಗಕ್ಕೆ ಪೈಜಾಮದ ಲಾಡಿ ಬಂದಿತ್ತು. ಹಗಲೆಲ್ಲ ರೇಷ್ಮೆ ಕಾರ್ಖಾನೆಯಲ್ಲಿ ಹರಿದ ನೂಲಿಗೆ ಗಂಟು ಹಾಕುತ್ತಿದ್ದ ಸನವ್ಬರ್, ಸಂಜೆ ಬಂದು ಹಳೆಯ ಬೂಟಿನ ಚರ್ಮ ಕತ್ತರಿಸಿ ನಲ್ಲಿಗೆ ವಾಷರ್ ಹಾಕುತ್ತಿದ್ದಳು. ಅವಳು ಬಾಳಿದ್ದೇ ಹಾಗೆ, ಎಲ್ಲಿ ಹರಿಯಿತೋ ಅಲ್ಲಿ ಕಟ್ಟಿಕೊಂಡು.

ಕಟ್ಟಿ ಸರಿಮಾಡಲಾಗದ್ದು ಒಂದಿತ್ತು. ಅತ್ತೆ ಆ ಕಮೋಡಿನ ಮೇಲೆ ಎಂದೂ ನೇರ ಕೂತವರಲ್ಲ. ಕಟ್ಟಡ ಕಟ್ಟಿದವರು ದಿಕ್ಕು ನೋಡಿರಲಿಲ್ಲ. ಅಲ್ಲಿ ಕೂತವರ ಮುಖ ನೆಟ್ಟಗೆ ಕಿಬ್ಲಾಕ್ಕೆ, ನಮಾಜಿಗೆ ನಿಲ್ಲುವ ದಿಕ್ಕಿಗೇ ಬೀಳುತ್ತಿತ್ತು. ಅದಕ್ಕೆ ಓಯ್‌ನಿಸಾ ಸೊಂಟ ತಿರುಚಿ ಎಡಗೋಡೆಯ ಕಡೆ ಮುಖ ಮಾಡಿ, ಅರ್ಧ ಕಮೋಡಿನ ಮೇಲೆ, ಅರ್ಧ ದೇವರ ಭರವಸೆಯ ಮೇಲೆ ಕೂರುತ್ತಿದ್ದರು. ಕಮೋಡಿನ ಸೀಟು ಪ್ರತಿ ಸಲವೂ ಎಡ ಅಂಚಿನಲ್ಲೇ ಬಿರುಕು ಬಿಡುತ್ತಿತ್ತು. ಸನವ್ಬರ್ ಹೊಸದು ತರುತ್ತಿದ್ದಳು. ಇಬ್ಬರೂ ಆ ಮಾತು ಎತ್ತಿದವರಲ್ಲ.

ಈಗ ಡಾಕ್ಟರು, "ನೇರ ಕೂರ್ಬೇಕಮ್ಮ. ಸೊಂಟ ತಿರುಚಿದ್ರೆ ಹಾಕಿರೋ ಕಬ್ಬಿಣ ಜಾರುತ್ತೆ, ಮತ್ತೆ ನಡೆಯೋದು ಕಷ್ಟ" ಎಂದಿದ್ದರು. ಓಯ್‌ನಿಸಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೂರು ನೋಡುತ್ತ ಮಲಗಿಬಿಟ್ಟರು. ಆ ಮೌನವೇ ಸನವ್ಬರಳನ್ನು ಮನೆಯೊಳಗೆ ಅಟ್ಟಾಡಿಸುತ್ತಿತ್ತು.

ಮೇಸ್ತ್ರಿ ಎರ್ಗಶ್ ಬೋಗುಣಿಗೊಂದು ತೊಟ್ಟಿಗೊಂದು ಹೊಸ ನಲ್ಲಿ ಕೂರಿಸಿ, ಹಳೆಯ ಕಮೋಡು ಕಿತ್ತು ಮೆಟ್ಟಿಲ ಬಳಿ ಇಟ್ಟಿದ್ದ.

"ಹೊಸದನ್ನ ಅದೇ ಜಾಗಕ್ಕೆ ಇಟ್ಬಿಡ್ತೀನಿ ಆಪಾ. ಚಹಾ ಕುದಿಯೋದ್ರೊಳಗೆ ಮುಗಿಯುತ್ತೆ."

"ಬೇಡ ಉಸ್ತೊ. ತಿರುಗಿಸಿ ಇಡ್ಬೇಕು."

"ಕಮೋಡೇನು ಟೋಪಿನಾ, ಬೇಕಾದ ಕಡೆ ತಿರುಗಿಸ್ಕೊಳ್ಳೋಕೆ?" ಎಂದು ಅವನು ನೆಲದ ಕಿಂಡಿ ತೋರಿಸಿದ. "ಈ ಬೀಡುಕಬ್ಬಿಣದ ಬೆಂಡು ಪೈಪು ಕೀಳ್ಬೇಕು. ಅದರ ಕತ್ತು ಇರೋದು ಕೆಳಗಿನ ಮನೆ ಸೂರಲ್ಲಿ. ಕೀಳುವಾಗ ಗಾರೆ ಬೀಳುತ್ತೆ. ಮೊದ್ಲು ಅವರನ್ನ ಕೇಳ್ಕೊಂಡು ಬನ್ನಿ. ಮಹ್ಫಿರತ್ ಆಪಾ ಬಾಯಿಗೆ ನಾನಂತೂ ಸಿಕ್ಕೋದಿಲ್ಲ."

ಸನವ್ಬರ್ ಕೆಳಗಿಳಿದಳು. ಮಹ್ಫಿರತ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲು ತೆಗೆದಳು.

"ಬಾ ಕೆಲಿನ್," ಎಂದಳು. ತಲೆಯಲ್ಲಿ ನರೆ ಕಂಡರೂ ಸನವ್ಬರ್ ಆ ಕಟ್ಟಡಕ್ಕೆ ಇನ್ನೂ ಕೆಲಿನ್, ಸೊಸೆಯೇ. "ಮುಖ ನೋಡಿದ್ರೇ ಗೊತ್ತಾಗುತ್ತೆ. ಏನೋ ಕೇಳೋಕೆ ಬಂದಿದೀಯ."

"ಪೈಪು ಹಳೇದಾಗಿದೆ ಆಪಾ. ನಿಮ್ಮ ಸೂರು ಸ್ವಲ್ಪ ಬಿಚ್ಚಬೇಕಾಗುತ್ತೆ."

"ನಿಮ್ಮನೆ ನೀರು ನನ್ನ ಸೂರಿನ ಮೇಲೆ ಅಂಜೂರದ ಎಲೆ ಬರೆದಿತ್ತು. ಈಗ ತಾನೇ ಬಿಳೀದು ಹಾಕ್ಸಿದೀನಿ. ಪೈಪು ಸೋರಿದಾಗ ಬಾ, ನೋಡೋಣ."

ಬಾಗಿಲು ಮುಚ್ಚತೊಡಗಿತು. ಅತ್ತೆ ಹೇಗೆ ಕೂರುತ್ತಾರೆ ಎನ್ನುವುದನ್ನು ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು ಹೇಳುವುದಾದರೂ ಹೇಗೆ? ಸನವ್ಬರಳ ಕಿವಿ ಬಿಸಿಯಾಯಿತು. ಆದರೂ ಬಾಗಿಲಿಗೆ ಕೈ ಒಡ್ಡಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಮಹ್ಫಿರತ್ ಮೊದಲು ನಕ್ಕಳು. ಆಮೇಲೆ ನಗು ಅಲ್ಲೇ ನಿಂತಿತು. ತಿರುಗಿ ತನ್ನ ಮನೆಯ ಕಕ್ಕಸಿನ ಬಾಗಿಲು ನೋಡಿದಳು.

"ನಮ್ಮದೂ ನಿಮ್ಮದರ ನೇರಕ್ಕೇ ಇದೆಯಲ್ಲ, ಕೆಲಿನ್?"

"ಹೌದು ಆಪಾ. ಮೇಲಿಂದ ಕೆಳಗಿನ ತನಕ ಎಲ್ಲಾ ಒಂದೇ ನೇರ."

"ಥೂ, ನನಗ್ಯಾಕೆ ಹೇಳಿದೆ?" ಮಹ್ಫಿರತ್ ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡಳು. "ಗೊತ್ತಿಲ್ದೆ ನೆಮ್ಮದಿಯಾಗಿದ್ದೆ. ಇನ್ಮೇಲೆ ಕೂರೋದು ಹೇಗೆ? ಹೋಗು, ಕೀಳೋಕೆ ಹೇಳು. ನಿಮ್ಮದು ಮುಗಿದ ಮೇಲೆ ಆ ಎರ್ಗಶ್ ಇಲ್ಲಿಗೂ ಇಳೀಲಿ."

ಬೆಂಡು ಸುಲಭಕ್ಕೆ ಬರಲಿಲ್ಲ. ಸುತ್ತಿಗೆಯ ಏಟಿಗೆ ಇಡೀ ಕಟ್ಟಡ ಹಲ್ಲು ಕಡಿಯಿತು. ಕಡೆಗೊಮ್ಮೆ ದೊಪ್ಪನೆ ಗಾರೆ ಕಳಚಿ, ನೆಲದಲ್ಲಿ ತೂತಾಗಿ, ಬೀಳುವ ಗಾರೆಗೆ ತಪ್ಪಲೆ ಒಡ್ಡಿ ನಿಂತ ಮಹ್ಫಿರತಳ ತಲೆವಸ್ತ್ರ ಕೆಳಗೆ ಕಾಣಿಸಿತು.

"ಕೆಲಿನ್, ನಿನ್ನ ಚಪ್ಪಲಿ ಕಾಣ್ತಿದೆ."

"ತಲೆಗೇನೂ ಬೀಳ್ಲಿಲ್ಲ ತಾನೆ ಆಪಾ?"

"ಬಿದ್ದಿದ್ರೆ ಮಾತಾಡ್ತಿದ್ನಾ? ಬೇಗ ಮುಚ್ಚಿಸು. ನಿಮ್ಮನೆ ಮಾತೆಲ್ಲ ನನ್ನ ಕಿವಿಗೆ ಬೀಳುತ್ತೆ."

"ಇಷ್ಟು ದಿನ ಬೀಳ್ತಿರ್ಲಿಲ್ವಾ?" ಎಂದ ಎರ್ಗಶ್, ತೂತಿನಿಂದ ಮುಖ ಹಿಂದಕ್ಕೆ ಎಳೆದುಕೊಂಡು.

ಹೊಸ ಬೆಂಡು ಬಲಗಡೆಗೆ ಮಾತ್ರ ಹೊರಳಿತು. ಎಡಗಡೆ ದೊಡ್ಡ ಕೊಳವೆ ಅಡ್ಡವಿತ್ತು. ತೂತು ಮುಚ್ಚಿದ ಮೇಲೆ ಕಮೋಡು ಬಲಮೂಲೆಗೆ ಓರೆಯಾಗಿ ನಿಂತಿತು.

"ಇದಕ್ಕಿಂತ ತಿರುಗಿಸಿದ್ರೆ ಮಂಡಿ ಗೋಡೆಗೆ ತಾಗುತ್ತೆ ಆಪಾ. ಸಾಕಾ?"

ಸನವ್ಬರ್ ಗೋಡೆ ನೋಡಿದಳು, ಮೂಲೆ ನೋಡಿದಳು. ಮುಖವಾಗಲಿ ಬೆನ್ನಾಗಲಿ ನೇರ ಬೀಳದಿದ್ದರೆ ಸಾಕು ಎಂದು ಕುರಾನು ಓದಿಸುವ ಬೀಬಿ ಹೇಳಿದ್ದರು. "ಸಾಕು" ಎಂದಳು. ಆದರೂ ಮನಸ್ಸು ಕೂರಲಿಲ್ಲ. ಎರ್ಗಶ್ ಬೋಲ್ಟು ಬಿಗಿದು ಮುಗಿಸುವ ಹೊತ್ತಿಗೆ ಕೆಳಗೆ ಹಾರನ್ ಕೇಳಿತು.

ಗಂಡ ಹಿಕ್ಮತ್ ಮತ್ತು ಪಕ್ಕದ ಮನೆಯವರು ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಓಯ್‌ನಿಸಾ ನೀರೂ ಮುಟ್ಟದೆ ಸೊಸೆಯ ತೋಳು ಹಿಡಿದರು. "ದಾರಿಯುದ್ದಕ್ಕೂ ತಡ್ಕೊಂಡ್ ಬಂದಿದೀನಿ."

ಒಳಗೆ ಹೋದವರು ಹೊಸ ನಲ್ಲಿ ನೋಡಲಿಲ್ಲ, ಹೊಸ ಬಿಳುಪು ನೋಡಲಿಲ್ಲ. ಕೂರುತ್ತಿದ್ದಂತೆ ಅವರ ಮೈ ತಾನಾಗಿಯೇ ಎಡಕ್ಕೆ ಹೊರಳತೊಡಗಿತು. ಈಗ ಎಡಕ್ಕೆ ತಿರುಗಿದರೆ ಸೊಂಟವೂ ಹೋಯಿತು, ಮುಖವೂ ನೇರ ಕಿಬ್ಲಾಕ್ಕೇ. ಸನವ್ಬರ್ ಮಂಡಿಯೂರಿ ಅತ್ತೆಯ ಎರಡೂ ಮಂಡಿ ಹಿಡಿದುಕೊಂಡಳು.

"ತಿರುಗಬೇಡಿ ಅಮ್ಮ."

"ಬಿಡು. ಬಿಡೇ ನನ್ನ."

"ನಾವೇ ತಿರುಗಿಸಿದೀವಿ ಅಮ್ಮ. ನೀವು ಹೇಗಿದೀರೋ ಹಾಗೇ ಕೂತ್ಕೊಳಿ."

ಓಯ್‌ನಿಸಾ ಒಂದು ಕೈ ಗೋಡೆಗೆ ಒತ್ತಿ ಮೂಲೆ ನೋಡಿದರು, ಬಾಗಿಲಾಚೆ ತಾವು ನಮಾಜಿಗೆ ಹಾಸುವ ಜಾಗ ನೋಡಿದರು. ತುಟಿ ಅಲುಗುತ್ತಿತ್ತು, ಲೆಕ್ಕವೋ ಪ್ರಾರ್ಥನೆಯೋ. ಸನವ್ಬರಳ ಅಂಗೈಯೊಳಗೆ ಬಿಗಿದಿದ್ದ ಮಂಡಿಗಳು ನಿಧಾನಕ್ಕೆ ಸಡಿಲವಾದವು.

"ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ."

ಮುದುಕಿ ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ಭಾರ ಬಿಟ್ಟು ಕೂತರು. ಆಮೇಲೆ ಸೊಸೆಯ ಭುಜ ತಳ್ಳಿದರು.

"ಸರಿ, ಎದ್ದು ಆಚೆ ಹೋಗು. ಬಾಗಿಲು ಎಳ್ಕೋ."