ಹಿಂಡಿಗೆ ಹೇಳಿದ್ದು, ಕುರಿಗೆ ಹೇಳಬೇಕಾದದ್ದು

ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಹಿರಿಯೂರಿನಲ್ಲಿ ಬೆಳಗಿನ ಹನ್ನೊಂದಕ್ಕೇ ಕರೆಂಟು ಹೋಗಿತ್ತು. ಹೇಮಾವತಿ ಬರೆಯುತ್ತಿದ್ದಷ್ಟನ್ನು ಉಳಿಸಿ ಹಣೆಯನ್ನು ಮೇಜಿಗೆ ಆನಿಸಿದಳು.

2008ರ ಆ ಜೂನ್ ಹೊತ್ತಿಗೆ ಅವಳು ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕು ವರ್ಷವಾಗಿತ್ತು. ಅಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್. ಚಿತ್ರದುರ್ಗದಲ್ಲಿ ಡಿಪ್ಲೊಮಾ ಮುಗಿಸಿ ಹೊಸದುರ್ಗದಲ್ಲಿ ನಾಲ್ಕು ವರ್ಷ ಪಾಠ ಹೇಳಿದಳು. ಈಗ ರಘುನಾಥನ ಕಂಪ್ಯೂಟರ್ ಅಂಗಡಿಯಲ್ಲಿ ಜಾತಕ ಅಚ್ಚು ಹಾಕುವುದರಿಂದ ಹಿಡಿದು ಪ್ರೋಗ್ರಾಂ ಬರೆಯುವವರೆಗೆ ಎಲ್ಲ ಅವಳದೇ. ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಳು, ನಿಂತುಕೊಂಡೇ ಹೋಗುತ್ತಿದ್ದಳು.

ಆದಿವಾಲದ ಕುರಿ ಸಾಕುವವರ ಸಂಘಕ್ಕೆ ಅವಳೊಂದು ಪ್ರೋಗ್ರಾಂ ಬರೆದಿದ್ದಳು. ಒಂದೊಂದು ಕುರಿಗೂ ಒಂದೊಂದು ದಾಖಲೆ, ಕಿವಿಯ ಓಲೆಯ ಮೇಲಿನ ಸಂಖ್ಯೆಯೇ ಅದರ ಗುರುತು. ಲಸಿಕೆ ಬಾಕಿ ಇರುವ ಕುರಿ ಯಾವುವು ಎಂದು ಕೇಳುವುದು ಇಡೀ ಹಿಂಡನ್ನು. ಅದು ಸ್ಟ್ಯಾಟಿಕ್ ಮೆಥಡ್, ಎಲ್ಲಕ್ಕೂ ಸೇರಿ ಒಂದೇ ಆಜ್ಞೆ. ಲಸಿಕೆ ಆಯಿತು ಎಂದು ಹೇಳುವುದು ಒಂದು ಕುರಿಯ ಕಿವಿ ಹಿಡಿದು. ಅದು ಇನ್‌ಸ್ಟನ್ಸ್ ಮೆಥಡ್, ಅಂದರೆ ಒಂದಕ್ಕಷ್ಟೇ ಕೊಡುವ ಆಜ್ಞೆ, ಆಗಬೇಕು. ಮೊದಲು ಆ ಕುರಿಯ ದಾಖಲೆಯನ್ನು ಹೊರತೆಗೆಯಬೇಕು, ಆಮೇಲೆ ಅದಕ್ಕಷ್ಟೇ ಹೇಳಬೇಕು. ಅಂಗಡಿಯ ಕ್ಲಾಸಿಗೆ ಬರುವ ಹುಡುಗಿಯರಿಗೆ ಇದನ್ನೇ ಕಲಿಸುತ್ತಿದ್ದವಳು, ಒಂದು ಸಂಜೆ ಬೆನ್ನು ಸೋತು, ಎರಡು ಸಾಲು ಉಳಿಯಲಿ ಎಂದು ಅದನ್ನೂ ಹಿಂಡಿನ ಪಾಲಿಗೇ ಬರೆದಿದ್ದಳು. ಸಂಖ್ಯೆ ಕೊಟ್ಟರೆ ಆ ಕುರಿ, ಕೊಡದಿದ್ದರೆ ಆ ಒಡೆಯನ ಕುರಿಗಳೆಲ್ಲವೂ.

ನಿನ್ನೆ, ಲಸಿಕೆ ಹಾಕಿದ ಕುರಿಗಳ ಸಂಖ್ಯೆ ಬರೆದು ಪಶುವೈದ್ಯರು ಕೊಟ್ಟಿದ್ದ ಚೀಟಿ ನೋಡಿ ತುಂಬುವಾಗ ಒಂದು ಸಂಖ್ಯೆಯ ಮನೆ ಖಾಲಿ ಉಳಿಯಿತು. ಅವಳು ಗುಂಡಿ ಒತ್ತಿದಳು. ಸಂಘದ ಮುದುಕ ಸಣ್ಣಪ್ಪನ ನೂರ ಹನ್ನೆರಡು ಕುರಿಗೂ ಲಸಿಕೆ ಆಗಿಹೋಗಿತ್ತು, ಕಂಪ್ಯೂಟರಿನೊಳಗೆ. ತುಂಬಿದ ಚೀಟಿಗಳು ಅಷ್ಟರಲ್ಲಿ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಪೊಟ್ಟಣವಾಗಿದ್ದವು. ಕಂಪ್ಯೂಟರಿನ ದಾಖಲೆಗೂ ನಕಲು ಇಟ್ಟಿರಲಿಲ್ಲ. ಇಡಬೇಕೆಂದು ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದಳು.

ಇವತ್ತು ಆ ಮೆಥಡ್ಡನ್ನು ಬದಲಿಸಿದ್ದಾಗಿತ್ತು. ಅಳಿಸಿಹೋದ ನಿಜವನ್ನು ಮೆಥಡ್ ತಂದುಕೊಡುವುದಿಲ್ಲ.

ನಾಳೆಯ ಲಸಿಕೆಗೆ ಬಾಕಿ ಕುರಿಗಳ ಪಟ್ಟಿ ಒಯ್ಯಲು ಬಂದಿದ್ದ ಸಣ್ಣಪ್ಪ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಹೋದ ವರ್ಷ ಕರುಳುಬೇನೆಗೆ ಅವನ ಹತ್ತೊಂಬತ್ತು ಮರಿಗಳು ಒಂದೇ ವಾರದಲ್ಲಿ ಸತ್ತಿದ್ದವು. ಪಟ್ಟಿಯಲ್ಲಿ ಸಂಖ್ಯೆ ಇಲ್ಲದ ಕುರಿಗೆ ನಾಳೆ ಔಷಧಿ ಇಲ್ಲ.

"ಎಲ್ಲಾವ್ಕೂ ಆಗೈತೆ ಅಂತೈತಾ ನಿನ್ನ ಮಿಷನ್ನು? ಮೂವತ್ತೆಂಟಕ್ಕೆ ಹಾಕಿ ಔಷ್ದಿ ಮುಗೀತು ಅಂತ ಡಾಕ್ಟ್ರು ಎದ್ ಹೋದ್ರು ತಾಯಿ. ಉಳಿದಾವ್ಕೆ ನೀನೇ ಕನಸಿನಾಗ್ ಬಂದ್ ಹಾಕಿದ್ಯಾ?"

"ತಪ್ಪು ನಂದೇ ಅಜ್ಜ."

ರಘುನಾಥ ಕುರ್ಚಿ ಎಳೆದುಕೊಂಡ. "ಇಷ್ಟಕ್ಕೆ ಯಾಕ್ರಿ ಮೇಡಂ ತಲೆ ಕೆಡಿಸ್ಕಂತೀರಾ? ಎಲ್ಲಾವ್ನೂ ಬಾಕಿ ಅಂತ ಮಾಡಿಬಿಡ್ರಿ. ಒಂದೇ ಸಾಲು."

"ನಾನ್ ಕೆಡಿಸಿದ್ದೂ ಒಂದೇ ಸಾಲಿನಾಗೇ ಸರ್. ನಾಳೆ ಬರೋದು ಎಂಬತ್ತು ಡೋಸು. ಹಾಕಿದಾವ್ಕೇ ಮತ್ತೆ ಹಾಕ್ತಾ ಹೋದ್ರೆ ಹಿಂದೆ ನಿಂತಾವ್ಕೆ ಎಲ್ಲಿಂದ ತರಾಣ?"

ರಘುನಾಥ ಬಾಗಿಲತ್ತ ತಿರುಗಿದ. "ಅಜ್ಜ, ಯಾವ್ಯಾವ ನಂಬರಿಗೆ ಹಾಕಿದ್ರು ಹೇಳ್ಬಿಡೋ ಮಾರಾಯ!"

"ನಂಬರ್ ಯಾರಿಗ್ ಗೊತ್ತಪ್ಪ? ಮುಖ ಗೊತ್ತು. ಕರಿಮೂತಿದಕ್ಕೆ ಹಾಕಿದ್ರು. ಅದರ ತಂಗಿ ಓಡಿಹೋಯ್ತು, ಅದಕ್ಕಿಲ್ಲ. ನಿನ್ ಹೆಂಡ್ತಿನ ನಂಬರಿನ ಮ್ಯಾಲೆ ಗುರ್ತಿಸ್ತೀಯೇನು ನೀನು?"

ಹೇಮಾವತಿಗೆ ನಗು ಬಂತು, ಅದೂ ಸುಸ್ತಾಗಿಯೇ ಬಂತು. ಆದಿವಾಲಕ್ಕೆ ಹೋಗಬೇಕು. ನೂರ ಹನ್ನೆರಡು ಕಿವಿ ಹಿಡಿದು ಓದಬೇಕು. ಅಜ್ಜ ಮುಖ ನೋಡಿ ಹೇಳುತ್ತಾನೆ, ಅವಳು ಓಲೆ ನೋಡಿ ಬರೆದುಕೊಳ್ಳುತ್ತಾಳೆ. ಸಂಜೆಯೊಳಗೆ ವಾಪಸು ಬಂದು ಒಂದೊಂದನ್ನೇ ತೆಗೆದು ತಿದ್ದಬೇಕು. ಪಾದ ಆಗಲೇ ಊದಿತ್ತು. ನೋಟ್‌ಬುಕ್ಕು, ಎರಡು ಪೆನ್ನು ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗ್ ಹೊಂಟ್ರಿ? ಮಧ್ಯಾಹ್ನ ಹುಡುಗೇರು ಕ್ಲಾಸಿಗೆ ಬರ್ತಾರೆ. ಒಂದು ಸಂಘದ ಕೆಲಸಕ್ಕೆ ಇಷ್ಟು ಮೈಮೇಲೆ ಎಳ್ಕಂಡ್ರೆ ಅಂಗಡಿ ನಡೆಯಲ್ಲರಿ. ಅಂದಾಜಿನ ಮ್ಯಾಲೆ ಎಪ್ಪತ್ನಾಲ್ಕು ನಂಬರ್ ಬರ್ಕೊಡ್ರಿ, ಯಾರು ನೋಡ್ತಾರೆ? ನಾನ್ ಹೇಳೋದು ಏನಂದ್ರೆ..."

"ಅಜ್ಜ, ಹೋಗಾಣ," ಎಂದು ಹೇಮಾವತಿ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದಳು. ರಘುನಾಥ ಇನ್ನೂ ಹೇಳುತ್ತಲೇ ಇದ್ದ.