ಬೆಕ್ಕು ಕೆದರಿದ ಮಣ್ಣು

ಬೆಕ್ಕಿಗೆ ಸೊಕ್ಕು ಎಂದು ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ಹಾಸಿಗೆಯ ಮೇಲೆ ಉಚ್ಚೆ ಹೊಯ್ದರೆ ಹಗೆ ಸಾಧಿಸಿತು ಅನ್ನುತ್ತಾರೆ, ಮೂಲೆಯಲ್ಲಿ ಅಡಗಿ ಕೂತರೆ ಕಳ್ಳ ಅನ್ನುತ್ತಾರೆ. ಅದಕ್ಕೆ ಎಲ್ಲಾದರೂ ನೋಯುತ್ತಿದೆಯೇ ಎಂದು ಕೇಳುವವರು ಕಡಿಮೆ. ನಾನೂ ಹುಟ್ಟುತ್ತಲೇ ಕೇಳಿದವಳಲ್ಲ. ಪೊಲೀಸ್ ಆ್ಯಕ್ಷನ್ ಆದ ವರ್ಷದ ಬೇಸಿಗೆಯಲ್ಲಿ, ಭಾಲ್ಕಿಯ ನಮ್ಮ ಮನೆಯ ಬೆಕ್ಕು ಇನ್ನೇನು ಗೋಣಿಚೀಲ ಸೇರುವುದರಲ್ಲಿದ್ದಾಗ ಕಲಿತೆ.

ಆಗ ನನಗೆ ಹತ್ತು ವರ್ಷ. ಮನೆಯಲ್ಲಿದ್ದವರು ಇಬ್ಬರೇ, ನಾನು ಮತ್ತು ನಮ್ಮಪ್ಪನ ತಾಯಿ. ಅವಳನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಹೈದರಾಬಾದ್ ಸಂಸ್ಥಾನ ಉಳಿಯುತ್ತದೋ ಇಲ್ಲವೋ ಎಂಬ ಗದ್ದಲ, ಊರೂರಿಗೂ ಲೂಟಿಯ ಭಯ. ಅಪ್ಪ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ಅವ್ವ ನನ್ನ ತಮ್ಮನನ್ನು ಕರೆದುಕೊಂಡು ಔರಾದ ತಾಲೂಕಿನ ಸಂತಪುರದ ತವರಿಗೆ ಹೋಗಿದ್ದಳು. ಆಯಿ ಮಾತ್ರ ಜಪ್ಪಯ್ಯ ಅಂದರೂ ಹೊಸ್ತಿಲು ದಾಟಲಿಲ್ಲ. ಎಮ್ಮೆಯನ್ನು ಖಟಕ ಚಿಂಚೋಳಿಯ ತನ್ನ ತಮ್ಮನ ಮನೆಗೆ ಅಟ್ಟಿದಳು. ಬೋರಮಾಳ, ಪಾಟಲಿ ಎಲ್ಲ ಬಂಗಾರವನ್ನೂ ಒಂದು ಹಿತ್ತಾಳೆ ಗಿಂಡಿಯಲ್ಲಿ ತುಂಬಿ ಹಿತ್ತಲಲ್ಲಿ ಹೂತಳು. ಆಮೇಲೆ ಹೊತ್ತು ಹೊತ್ತಿಗೆ ಲಿಂಗಪೂಜೆ ಮಾಡಿಕೊಂಡು ಗಟ್ಟಿಯಾಗಿ ಕೂತುಬಿಟ್ಟಳು. ಅವಳ ಜೊತೆಗೆಂದು ನಾನು ಉಳಿದೆ. ಶಾಲೆ ಮುಚ್ಚಿತ್ತು, ಹೊರಗೆ ಆಡಲು ಬಿಡುತ್ತಿರಲಿಲ್ಲ. ನೋಡುವುದಕ್ಕೆ ಇದ್ದದ್ದು ಬೆಕ್ಕು ಒಂದೇ.

ನೋಡಿದ್ದೇ ನೋಡಿದ್ದು. ಕೆಂಚು ಪಟ್ಟೆಯ ಗಂಡು ಬೆಕ್ಕು ಅದು. ಮಲಗುವ ಮುಂಚೆ ಕೌದಿಯನ್ನು ಹಿಟ್ಟು ನಾದಿದಂತೆ ನಾದುತ್ತಿತ್ತು. ಯಾರದಾದರೂ ಚಪ್ಪಲಿ ಮೂಸಿ, ಬಾಯಿ ಅರೆತೆರೆದು, ಹೆಡ್ಡನ ಹಾಗೆ ನಿಲ್ಲುತ್ತಿತ್ತು. ಹಿಡಿದ ಇಲಿಯನ್ನು ತಾನು ತಿನ್ನದೆ ಆಯಿಯ ತಲೆದಿಂಬಿನ ಹತ್ತಿರ ತಂದಿಟ್ಟು ಕೂಗುತ್ತಿತ್ತು. ಇವೆಲ್ಲ ಯಾಕೆ ಯಾಕೆ ಎಂದು ಆಯಿಯ ತಲೆ ತಿಂದೆ. ನಿನಗೂ ಕೆಲಸ ಇಲ್ಲ, ಅದಕ್ಕೂ ಇಲ್ಲ, ಎಂದು ಅವಳು ನನ್ನ ಮುಂದೆ ಮೊರದ ತುಂಬ ಜೋಳ ಇಟ್ಟು ಹಸನು ಮಾಡಲು ಕೂಡಿಸುತ್ತಿದ್ದಳು.

ಬಿಸಿಲು ಏರಿದಂತೆ ಬೆಕ್ಕಿನ ನಡತೆ ಕೆಟ್ಟಿತು. ಮಣ್ಣು ಕೆದರಿ ಕೂರುವುದು, ಏಳುವುದು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂರುವುದು. ಬಾಲದ ಬುಡವನ್ನು ಬಿಡದೆ ನೆಕ್ಕುವುದು. ಹಣೆಗೆ ಹಚ್ಚುವ ಇಬತ್ತಿ ಮಾಡಲೆಂದು ಸುಟ್ಟಿಟ್ಟಿದ್ದ ಬೂದಿಯಲ್ಲೂ ಹೋಗಿ ಕೂತಿತು, ಆಯಿ ಕೊಳ್ಳಿ ಎಸೆದಳು. ಆದರೆ ಅವಳ ಎದೆ ನಡುಗಿಸಿದ್ದು ಅದಲ್ಲ. ಗಿಂಡಿ ಹೂತ ಜಾಗವನ್ನೇ ಬೆಕ್ಕು ಹುಡುಕಿ ಕೆದರುತ್ತಿತ್ತು.

ಆಯಿ ಗಿಂಡಿಯನ್ನು ಬೇವಿನ ಗಿಡದ ಬುಡಕ್ಕೆ ಸಾಗಿಸಿದಳು. ಮರುದಿನ ಬೆಕ್ಕು ಅಲ್ಲಿ ಹಾಜರು. ಎಮ್ಮೆಯಿಲ್ಲದ ಕೊಟ್ಟಿಗೆಯ ಮೂಲೆಗೆ ಸಾಗಿಸಿದಳು, ಅಲ್ಲೂ ಹಾಜರು. ಕೊನೆಗೆ ಕಟ್ಟಿಗೆ ಕೋಣೆಯ ನೆಲದಲ್ಲಿ ಹೂತಳು, ಅಲ್ಲಿಗೂ ಬಂತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಯಿ ಪ್ರತಿ ಸಲವೂ ಗಟ್ಟಿ ನೆಲ ಅಗೆದು ಮಣ್ಣನ್ನು ಸಡಿಲ ಮಾಡಿ ಬಿಡುತ್ತಿದ್ದಳು, ಬೆಕ್ಕಿಗೆ ಬೇಕಾದದ್ದು ಅಂಥ ಮಣ್ಣೇ. ಆದರೆ ಆ ದಿನಗಳಲ್ಲಿ ಊರಲ್ಲಿ ಎಲ್ಲರೂ ಏನಾದರೊಂದು ಹೂತಿಟ್ಟವರೇ, ಎಲ್ಲರ ಕಣ್ಣೂ ನೆಲದ ಮೇಲೆ. ಆಯಿಗೆ ನಗು ಎಲ್ಲಿಂದ ಬರಬೇಕು?

"ಇದು ಚಾಡಿಕೋರ ಬೆಕ್ಕ. ಊರಿಗೆಲ್ಲ ಜಾಗಾ ತೋರಸ್ಲಿಕತ್ತದ," ಎಂದಳು. "ಬುಧವಾರ ಚಿಂಚೋಳಿ ಬಂಡಿ ಬರ್ತದ. ಚೀಲದಾಗ ಕಟ್ಟಿ ಕಳಸ್ತೇನಿ. ಹಾದ್ಯಾಗ ಎಲ್ಲ್ಯಾರ ಬಿಟ್ಟುಬಿಡ್ಲಿ."

ಅವತ್ತು ಸೋಮವಾರ. ನಾನು ಅತ್ತೆ, ಊಟ ಬಿಟ್ಟೆ, ಎರಡರಿಂದಲೂ ಉಪಯೋಗವಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಕಟ್ಟಿಗೆ ಕೋಣೆಯಲ್ಲಿ, ರಾಶಿಯ ಹಿಂದೆ ಅಡಗಿ ಕೂತೆ. ಬೆಕ್ಕು ಆ ಮಣ್ಣಿನಲ್ಲಿ ನಿಜವಾಗಿ ಏನು ಮಾಡುತ್ತದೆ ಎಂದು ಒಂದು ಸಲವಾದರೂ ನೋಡಬೇಕಿತ್ತು.

ಅದು ಬಂತು. ಕೆದರಿ ಕೂತಿತು. ಬೆನ್ನು ಬಾಗಿ, ಕಿವಿ ಹಿಂದಕ್ಕೆ ಬಿದ್ದು, ನಾನು ಹಿಂದೆಂದೂ ಕೇಳದ ಒಂದು ಸಣ್ಣ ದನಿ ತೆಗೆಯಿತು. ಬಹಳ ಹೊತ್ತು ಕೂತು ಎದ್ದಿತು. ಎದ್ದು, ರೂಢಿಯಂತೆ ಮುಂಗಾಲಿನಿಂದ ಮಣ್ಣೆಳೆದು ಮುಚ್ಚಿತು. ನಾನು ಹೋಗಿ ಅಲ್ಲಿ ಕೈಯಾಡಿಸಿದೆ. ಮಣ್ಣು ಒಣಗಿಯೇ ಇತ್ತು. ಅದು ಏನೂ ಇಲ್ಲದ್ದನ್ನು ಮುಚ್ಚಿ ಹೋಗಿತ್ತು.

ಆಯಿಯ ಸೆರಗು ಹಿಡಿದು ಎಳೆದುತಂದೆ. ಬೈಯುತ್ತಲೇ ಬಂದವಳು ತಾನೂ ಮಣ್ಣು ಮುಟ್ಟಿ ನೋಡಿದಳು. ಜೀವಮಾನವಿಡೀ ದನ ಸಾಕಿದವಳು. ಬೆಕ್ಕನ್ನು ಎತ್ತಿಕೊಂಡು ಹೊಟ್ಟೆ ಒತ್ತಿದಾಗ ಅದು ಚೀರಿತು.

"ಉಚ್ಚಿ ಕಟ್ಟ್ಯಾದ," ಎಂದಳು. "ಎತ್ತಿಗಿ ಹಿಂಗ ಆಗೋದು ನೋಡೇನಿ. ಹಿಂಗೇ ಬಿಟ್ರ ನಾಳಿತನಾ ಉಳ್ಯಾಲ್ಲ."

ಸಲೋತ್ರಿ ಒಬ್ಬರಿದ್ದರು. ಸಲೋತ್ರಿ ಎಂದರೆ ಕುದುರೆ, ದನಗಳ ವೈದ್ಯ. ಒಂದು ಕಾಲಕ್ಕೆ ಸರ್ಕಾರಿ ಕುದುರೆಗಳನ್ನು ನೋಡಿಕೊಂಡಿದ್ದು, ಈಗ ಟಾಂಗಾ ಅಡ್ಡೆಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದ ಮುಸಲ್ಮಾನ ಹಿರಿಯರು. ಆ ತಿಂಗಳುಗಳಲ್ಲಿ ನಮ್ಮ ಓಣಿಯವರು ಆ ಓಣಿಗೆ ಕಾಲಿಡುತ್ತಿರಲಿಲ್ಲ. ಆಯಿ ಬಾಗಿಲಲ್ಲಿ ನಿಂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ ತಲೆ ತುಂಬ ಸೆರಗು ಹೊದ್ದು, ಬುಟ್ಟಿಯಲ್ಲಿ ಬೆಕ್ಕಿಟ್ಟು, ಹಳೆ ಸೀರೆ ಮುಚ್ಚಿ ಹೊರಟೇಬಿಟ್ಟಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಘೋಡಾ ತಂದಾರ, ಎತ್ತು ತಂದಾರ, ಬೆಕ್ಕ ತಂದವರು ನೀವೇ ಮೊದಲ ಎಂದು ಸಲೋತ್ರಿ ಚೇಷ್ಟೆ ಮಾಡಿದರು. ಆದರೆ ಕಣ್ಣುಗಳು ಅರಳಿದ್ದವು. ನನ್ನಷ್ಟೇ ಕುತೂಹಲದ ಮನುಷ್ಯ ಎಂದು ನನಗೆ ಆಗಲೇ ತಿಳಿಯಿತು. ಎಷ್ಟು ದಿನದಿಂದ, ಏನು ತಿನ್ನುತ್ತದೆ, ನೀರು ಕುಡಿಯುತ್ತದೆಯೇ ಎಂದು ಆಯಿಯನ್ನು ಬಿಟ್ಟು ನನ್ನನ್ನೇ ಕೇಳಿದರು. ಎಮ್ಮೆ ಹೋದಾಗಿನಿಂದ ಹಾಲಿಲ್ಲ, ಮಜ್ಜಿಗೆಯಿಲ್ಲ, ಬರೀ ಒಣ ರೊಟ್ಟಿ, ನೀರು ಮುಟ್ಟುವುದು ಅಪರೂಪ ಎಂದೆ. ಅದಕ್ಕೇ ಎಂಬಂತೆ ತಲೆಯಾಡಿಸಿದರು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹೊಟ್ಟೆಗೆ ಶಾಖ ಕೊಟ್ಟರು. ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಅದರ ಮೂತ್ರದ್ವಾರವನ್ನು ಬಹಳ ಹಗುರವಾಗಿ ತೀಡಿದರು. ಬೆಕ್ಕು ಆಯಿಯ ಕೈ ಪರಚಿ ರಕ್ತ ಬರಿಸಿತು, ಆಯಿ ಬಿಡಲಿಲ್ಲ. ಕೊನೆಗೆ ಕುಟ್ಟಿದ ಉಪ್ಪಿನಂಥ ಒಂದು ಕಣ ಹೊರಬಿತ್ತು. ಅದನ್ನು ಉಗುರಿನ ಮೇಲಿಟ್ಟು ನನಗೆ ತೋರಿಸಿದರು. ಅದರ ಹಿಂದೆಯೇ ಕೆಂಪು ಬೆರೆತ ಉಚ್ಚೆ ಅವರ ತೊಡೆಯ ಮೇಲೆಲ್ಲ ಹರಿಯಿತು. ಆಯಿ ಗಾಬರಿಯಾಗಿ ಬೆಕ್ಕನ್ನು ಎಳೆದುಕೊಳ್ಳಲು ಹೋದರೆ, ಬೇಡ, ಪೂರಾ ಆಗಲಿ ಎಂದು ತಡೆದು, ಒದ್ದೆಯಾಗುತ್ತಲೇ ಕೂತರು.

ರೊಟ್ಟಿಯನ್ನು ನೀರಲ್ಲಿ ನೆನೆಸಿಯೇ ಹಾಕಬೇಕು, ನೀರಿನ ಬಟ್ಟಲು ಎರಡು ಮೂರು ಕಡೆ ಇಡಬೇಕು ಎಂದರು. ನನಗೆ ಬೇರೆಯೇ ಕೆಲಸ ಕೊಟ್ಟರು. "ಬೇಟಾ, ದಿನಾ ಮಣ್ಣ ಮುಟ್ಟಿ ನೋಡು. ಒಣಾ ಇತ್ತಂದ್ರ ಅವತ್ತೇ ಹೊತ್ಕೊಂಡು ಬಾ." ಎಷ್ಟೋ ವರ್ಷಗಳ ಮೇಲೆ ಒಬ್ಬ ದನದ ಡಾಕ್ಟರು, ಗಂಡು ಬೆಕ್ಕುಗಳಿಗೆ ಇದು ಬರುವುದುಂಟು, ಪೂರ್ತಿ ಕಟ್ಟಿದ ಮೇಲೆ ಒಂದು ದಿನ ತಡವಾದರೂ ಕಷ್ಟ, ನಿಮ್ಮದು ಬದುಕಿದ್ದೇ ಪುಣ್ಯ ಎಂದರು. ಬುಧವಾರದ ಬಂಡಿ ಬೆಕ್ಕಿಲ್ಲದೆ ಹೋಯಿತು. ಬಂಡಿಯವನ ಕೈಲೇ ಎಮ್ಮೆ ವಾಪಸು ಕಳಿಸಲು ಆಯಿ ಹೇಳಿಕಳಿಸಿದಳು. ನಾನು ದಿನವೂ ಮಣ್ಣು ಮುಟ್ಟಿದೆ, ಹಸಿ ಇತ್ತು.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು, ಕೆಲವೇ ದಿನಗಳಲ್ಲಿ ಸಂಸ್ಥಾನ ಮುಗಿಯಿತು. ನಮ್ಮ ಓಣಿಯ ಬಾಗಿಲುಗಳು ತೆರೆದವು. ಸಲೋತ್ರಿಯವರ ಓಣಿಯ ಬಾಗಿಲುಗಳು ಮುಚ್ಚಿದವು. ಭಯ ಮುಗಿಯಿತು ಅಂದುಕೊಂಡಿದ್ದೆ, ಅದು ಆ ಕಡೆ ಹೋಗಿತ್ತು ಅಷ್ಟೇ.

ಒಂದು ಮುಸ್ಸಂಜೆ ಅವರು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ಬಟ್ಟೆಯ ಗಂಟು, ಅದರಲ್ಲಿ ತೀರಿಕೊಂಡ ಹೆಂಡತಿಯ ಬೆಳ್ಳಿ ಕಡಗಗಳು. ಬೀದರಿನಲ್ಲಿ ಮಗಳ ಮನೆಯಿತ್ತು, ಅವಳಿಂದ ಸುದ್ದಿಯೇ ಇಲ್ಲ, ನೋಡಿ ಬರುತ್ತೇನೆ, ದಾರಿಯಲ್ಲಿ ಇದು ಉಳಿಯುವ ಖಾತ್ರಿಯಿಲ್ಲ ಎಂದರು. ಆಯಿ ಒಂದು ಮಾತೂ ಕೇಳದೆ ಕಟ್ಟಿಗೆ ಕೋಣೆಗೆ ಹೋಗಿ ಅಗೆದು, ತನ್ನ ಗಿಂಡಿ ತೆಗೆದು, ಅದೇ ಗುಂಡಿಯಲ್ಲಿ ಅವರ ಗಂಟು ಇಟ್ಟು ಮುಚ್ಚಿದಳು. ಆಮೇಲೆ ಊರಿಗೆ ಮರಳಿದ ಅಪ್ಪನಿಗೂ ಈ ವಿಷಯ ಹೇಳಲಿಲ್ಲ. ನನಗೆ ಮಾತ್ರ ಕಣ್ಣಲ್ಲೇ ತಾಕೀತು ಮಾಡಿದಳು.

ಹೊಸ ಸಡಿಲ ಮಣ್ಣು. ಮರುದಿನವೇ ಬೆಕ್ಕು ಅಲ್ಲಿ ಹೋಗಿ ಕೂತಿತು. ನಾನು ಕಸಬರಿಗೆ ಎತ್ತಿದೆ, ಬೇಡ, ಪೂರಾ ಆಗಲಿ ಎಂದು ಆಯಿ ಕೈ ಹಿಡಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಸಲೋತ್ರಿ ಬಂದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಮಗಳ ಮನೆಯವರು ಹೇಗಿದ್ದಾರೆ ಎಂದು ಆಯಿ ಕೇಳಿದಳು. ಯಾರೂ ಉಳಿದಿಲ್ಲ ಎಂಬಂತೆ ಅವರು ಖಾಲಿ ಕೈ ತೋರಿಸಿದರು. ಆಯಿ ಒಳಗೆ ಹೋಗಿ ಅಗೆದಳು.

ಗಂಟು ಹೊರಬಂದಾಗ ಕೋಣೆಯೆಲ್ಲ ಬೆಕ್ಕಿನ ಉಚ್ಚೆಯ ನಾತ. ಯಾರಿಗೂ ತಲೆ ತಗ್ಗಿಸದ ಆಯಿ ನಾಚಿಕೆಯಿಂದ ಕುಗ್ಗಿಹೋದಳು. ತಪ್ಪಾಯ್ತು ಸಾಹೇಬ್ರ, ತೊಳೆದು ಕೊಡ್ತೇನಿ, ಎಂದು ಗಂಟು ಹಿಂದಕ್ಕೆಳೆದುಕೊಂಡಳು. ಅವರು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

"ಈ ಬೆಕ್ಕಾರ ಹುಷಾರ ಅದ, ಆಯಿ," ಎಂದರು.