ಗಾಜಿನಾಚೆ ನಿಂತಿದ್ದ ಮಾವ

ಮೊದಲ ಎಕ್ಸ್‌ರೇಯಲ್ಲಿ ಸೊಸೆಯ ದವಡೆಯ ಕೀಲು ಪೂರಾ ಮಸುಕಾಗಿತ್ತು. ರೊಟ್ಟಿ ಅಗಿಯಲಾಗದೆ ನರಳುತ್ತಿದ್ದ ಅವಳನ್ನು ಕಮಲಾಪುರದಿಂದ ಕಲಬುರಗಿಯ ದಂತ ಆಸ್ಪತ್ರೆಗೆ ನಾನೇ ಕರೆತಂದಿದ್ದೆ. ಯಂತ್ರ ತಲೆಯ ಸುತ್ತ ತಿರುಗುವಾಗ ಮುಖ ನೇರವಾಗಿರಬೇಕಂತೆ. ಇವಳೋ ಮತ್ತೆ ಮತ್ತೆ ತಲೆ ತಗ್ಗಿಸುತ್ತಿದ್ದಳು. ಎಕ್ಸ್‌ರೇ ತೆಗೆಯುವ ಹೆಣ್ಣುಮಗಳು ಗದರಲಿಲ್ಲ. ಬಾಗಿಲ ಗಾಜಿನಾಚೆ ನಿಂತಿದ್ದ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: “ಕಾಕಾ, ಮಾವ ಎದುರಿಗಿದ್ರ ಅಕಿ ತಲಿ ಎತ್ತಂಗಿಲ್ರಿ. ಜರಾ ಆ ಕಡಿ ಹೋಗ್ರಿ.”

ನಾಚಿಕೊಂಡು ವರಾಂಡದ ತುದಿಗೆ ಹೋದೆ. ಎರಡನೇ ಎಕ್ಸ್‌ರೇಯಲ್ಲಿ ಎರಡೂ ಕೀಲು ಸ್ಪಷ್ಟವಾಗಿ ಬಂದವು, ನೋವಿನ ಮೂಲ ಸಿಕ್ಕಿ ಚಿಕಿತ್ಸೆ ಶುರುವಾಯಿತು.

ಅಂದು ಊರಿಗೆ ಮರಳುವಾಗ ಬಸ್ಸಿನಲ್ಲೇ, “ಇನ್ನ ನನ್ನ ಮುಂದ ತಲಿ ಬಗ್ಗಸಬ್ಯಾಡವ್ವ” ಎಂದೆ. ಈಗ ಅವಳು ನನ್ನೆದುರೇ ಕುಳಿತು ರೊಟ್ಟಿ ಅಗಿಯುತ್ತಾಳೆ, ಮುಖ ನೋಡಿ ಮಾತಾಡುತ್ತಾಳೆ. ಎರಡಕ್ಕೂ ಆ ಹೆಣ್ಣುಮಗಳಿಗೇ ನಾನು ಋಣಿ.